ನಲವತ್ಮೂರನೇ ಡಬ್ಬಿ

2025ರ ಫೆಬ್ರವರಿ 10, ಸೋಮವಾರ. ಬೆಳಿಗ್ಗೆ 10.20ಕ್ಕೆ ಕೊಳ್ಳೇಗಾಲ ಪಟ್ಟಣ ಠಾಣೆಗೆ ಬಂದ ಬಸವಕುಮಾರ್ ಕುರ್ಚಿ ಎಳೆದುಕೊಂಡು ಕೂರುವ ಮೊದಲೇ ಅಳತೊಡಗಿದ. ಮನೆಯಲ್ಲಿ ಯಾರೋ ಹೋಗಿಬಿಟ್ಟರೇನೋ ಎಂದುಕೊಂಡ ಹೆಡ್ ಕಾನ್‌ಸ್ಟೇಬಲ್ ಪುಟ್ಟಮಾದಯ್ಯ ನೀರಿನ ಬಾಟಲಿ ಮುಂದೆ ತಳ್ಳಿದ.

"ಏನಾಯ್ತು, ಯೋಳಿ ಸಾ."

"ತೊಳ್ದ್ಬುಟ್ಟವ್ರೆ ಕಣ್ರಿ. ನಲವತ್ತೆರಡು ಸೆಟ್ಟೂ ತೊಳ್ದ್ಬುಟ್ಟವ್ರೆ."

"ಏನ್ನ ತೊಳ್ದವ್ರೆ?"

"ನಾಣ್ಯನ!"

ಪುಟ್ಟಮಾದಯ್ಯನಿಗೆ ನಗು ತಡೆಯಲಾಗಲಿಲ್ಲ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಕದ್ದವರನ್ನು, ಕಡಿದವರನ್ನು, ಹುಲ್ಲಿನ ಮೆದೆಗೆ ಬೆಂಕಿಯಿಟ್ಟವರನ್ನು ಕಂಡಿದ್ದ. ತೊಳೆದವರ ಮೇಲೆ ದೂರು ಬಂದದ್ದು ಇದೇ ಮೊದಲು. ಅವನ ಹೆಂಡತಿ ರತ್ನ ಶುಕ್ರವಾರ ಬಂತೆಂದರೆ ಕಳಶದ ಕಾಸಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡುತ್ತಾಳೆ. ಇದು ಅಪರಾಧವಾದರೆ ಮೊದಲು ಅವಳನ್ನೇ ಒಳಗೆ ಹಾಕಬೇಕಲ್ಲ ಎಂದುಕೊಂಡ.

ಸಬ್ ಇನ್ಸ್‌ಪೆಕ್ಟರ್ ಮಾಲಿನಿ ಮಾತ್ರ ನಗಲಿಲ್ಲ. ತುಮಕೂರು ಕಡೆಯವರು, ಇಲ್ಲಿಗೆ ಬಂದು ಎಂಟು ತಿಂಗಳಾಗಿತ್ತು. ಮಾತು ಕಡಿಮೆ, ಕಿವಿ ಜಾಸ್ತಿ.

"ತೊಳೆದರೆ ಏನಾಗುತ್ತೆ?"

ಬಸವಕುಮಾರ್ ಕರ್ಚೀಫಿನಲ್ಲಿ ಮೂಗು ಒರೆಸಿಕೊಂಡು ವಿವರಿಸಿದ. ಟಂಕಸಾಲೆಯವರು ವಿಶೇಷ ಸಂದರ್ಭಗಳಿಗೆಂದು ಸಂಗ್ರಹಕಾರರಿಗಾಗಿ ಎಣಿಸಿ ಇಷ್ಟೇ ಎಂದು ನಾಣ್ಯದ ಸೆಟ್ಟುಗಳನ್ನು ಹೊರಡಿಸುತ್ತಾರೆ. ಅವು ಸಂತೆಯಲ್ಲಿ ಓಡಾಡುವ ಕಾಸಲ್ಲ. ಮುಖ ಕಾಣುವಷ್ಟು ಹೊಳಪು, ಮಕಮಲ್ಲಿನ ಡಬ್ಬಿ. ಅವನ್ನು ಕೊಂಡು, ಗ್ರೇಡಿಂಗ್ ಕಂಪನಿಗೆ ಕಳಿಸಿ, ಅಂಕ ಹಾಕಿಸಿ, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸೀಲು ಮಾಡಿಸಿ ಮಾರುವುದು ಅವನ ವ್ಯಾಪಾರ. ಬೆರಳಿನ ಗುರುತು ಬಿದ್ದರೂ ಅಂಕ ಇಳಿಯುತ್ತದೆ.

"ತಿಕ್ಕಿ ತೊಳೆದ್ರೆ ಮುಗೀತು ಮೇಡಂ. 'ತೊಳೆದದ್ದು' ಅಂತ ಒಂದು ಮಾತು ಬರೆದ್ರು ಅಂದ್ರೆ ಆ ನಾಣ್ಯ ಸತ್ತಂಗೆ. ನಾಳೆ ಗ್ರೇಡಿಂಗ್‌ಗೆ ಪಾರ್ಸಲ್ ಓಗ್ಬೇಕಿತ್ತು. ಎಂಟು ಲಕ್ಷದ ಮಾಲು!"

"ಆ ಮಾತು ಯಾರು ಬರೀತಾರೆ?"

"ಕಂಪನಿಯೋರು. ಅಳ್ಳಿಗಳಲ್ಲಿ ಕೊಂಡ್ಕೊಳ್ಳುವಾಗ ನಾನೇ ನೋಡಿ ಯೋಳ್ತೀನಿ."

ಅನುಮಾನ ಯಾರ ಮೇಲೆ ಎಂದಾಗ ತಡವರಿಸದೆ ಹನೂರಿನ ನಿಂಗರಾಜುವಿನ ಹೆಸರು ಹೇಳಿದ. ಅದೇ ವ್ಯಾಪಾರದವನು, ಹತ್ತು ವರ್ಷದ ಹಗೆ. 11.15ಕ್ಕೆ ಅಪರಾಧ ಸಂಖ್ಯೆ 31/2025, ಭಾರತೀಯ ನ್ಯಾಯ ಸಂಹಿತೆ ಕಲಂ 324(5), ಲಕ್ಷಕ್ಕೂ ಮೀರಿ ಸ್ವತ್ತು ಹಾಳುಗೆಡವಿದ ಆರೋಪದಲ್ಲಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 12.10ಕ್ಕೆ ಅಂಗಡಿಯಲ್ಲಿ ಪಂಚನಾಮೆ ಶುರುವಾಯಿತು. ಪಂಚರಾಗಿ ಪಕ್ಕದ ರೇಷ್ಮೆ ಸೀರೆ ಅಂಗಡಿಯವರು ಇಬ್ಬರು. ಬೀಗ ಒಡೆದಿರಲಿಲ್ಲ. ಕ್ಯಾಮೆರಾ ಭಾನುವಾರ ಬೆಳಿಗ್ಗೆ 11.10ರಿಂದ ಸಂಜೆ 4.30ರವರೆಗೆ ಬಂದ್ ಆಗಿತ್ತು. ಸ್ವಿಚ್ಚು ಇದ್ದದ್ದು ಒಳಕೋಣೆಯಲ್ಲಿ, ಹಿಂದಿನ ಬಾಗಿಲ ಪಕ್ಕ. ಹಿತ್ತಿಲ ನಲ್ಲಿಯ ಕೆಳಗೆ ಬೂದಿ, ಹುಣಸೆ ನಾರು. ಡಬ್ಬಿಗಳನ್ನು ಒಂದೊಂದಾಗಿ ತೆಗೆದಾಗ ನಾಣ್ಯಗಳೆಲ್ಲ ತಮ್ಮ ತಮ್ಮ ಗುಳಿಯಲ್ಲೇ ಅಚ್ಚುಕಟ್ಟಾಗಿ ಕೂತಿದ್ದವು. ಕನ್ನಡಿಯ ಹೊಳಪು ಹೋಗಿ ಗೀರುಗೀರು. ಒಂದೂ ಕಳುವಾಗಿರಲಿಲ್ಲ.

"ಬೀಗದ ಕೈ ಎಷ್ಟು?"

"ಎರಡು. ಒಂದು ನನ್ನತ್ರ, ಒಂದು ನಮ್ಮಂಗಡಿ ಉಡುಗಿ ರೂಪನತ್ರ. ಫೋಟೋ ತೆಗೆಯೋದು, ಕಂಪ್ಯೂಟರ್‌ಗೆ ಆಕೋದು ಅವಳೇ. ಒಂದೂವರೆ ವರ್ಷದಿಂದ ಒಂದ್ ಕಾಸು ಅತ್ತಿತ್ತ ಆಗಿಲ್ಲ ಮೇಡಂ. ಅವಳ್ನ ಅನುಮಾನ ಪಟ್ರೆ ನಾಲಿಗೆ ಬಿದ್ದೋದಾತು."

ಆ ಡಬ್ಬಿಗಳಿದ್ದ ಅಲ್ಮೇರಾದ ಮೇಲಿನ ಹಲಗೆಯಲ್ಲಿ ಇನ್ನೊಂದು ಡಬ್ಬಿ ಇತ್ತು. ನಲವತ್ಮೂರನೆಯದು. ಅದರ ಮೇಲೆ ಸೀಲು ಮಾಡಿದ ಪ್ಲಾಸ್ಟಿಕ್ಕಿನಲ್ಲಿ ಒಂದೇ ಒಂದು ನಾಣ್ಯ, ಕೂದಲೆಳೆಯಷ್ಟೂ ಗೀರಿಲ್ಲದೆ ಮಿಂಚುತ್ತಿತ್ತು.

"ಇದು?"

"ಅದಕ್ಕೇನೂ ಆಗಿಲ್ಲ ಮೇಡಂ. ಅದು ಈ ಕೇಸಿಗೆ ಬ್ಯಾಡ."

"ಏನೂ ಆಗಿಲ್ಲ ಅನ್ನೋದೇ ಬರೀಬೇಕಾದ್ದು. ಬೆಲೆ?"

ಬಸವಕುಮಾರ್ ಪಂಚರ ಮುಖ ನೋಡಿದ, ಸೂರು ನೋಡಿದ. ಕೊನೆಗೆ ಅಲ್ಲಿರುವುದೆಲ್ಲ ಸೇರಿದರೂ ಅದರ ಅರ್ಧಕ್ಕೆ ಬರುವುದಿಲ್ಲ ಎಂದು ಗೊಣಗಿದ. ಅಚ್ಚಿನ ತಪ್ಪಿರುವ ನಾಣ್ಯ. ಪುಸ್ತಕದ ಹಾಳೆಯಂತೆ ಮಗುಚಿದರೆ ಹಿಂದಿನ ಸಿಂಹ ತಲೆಕೆಳಗಾಗಿ ನಿಲ್ಲುತ್ತದೆ. ಇಂಥದ್ದು ಸಾವಿರಕ್ಕೊಂದೂ ಸಿಗುವುದಿಲ್ಲ. ಡಬ್ಬಿಯ ಮಕಮಲ್ಲಿನ ಕೆಳಗೆ ಟಂಕಸಾಲೆಯ ಮೂಲ ಚೀಟಿಯೂ ಮಡಿಚಿ ಇಟ್ಟಿತ್ತು. ಮೂಲ ಡಬ್ಬಿ, ಮೂಲ ಚೀಟಿ ಇದ್ದರೆ ಬೆಲೆ ಇನ್ನೂ ಏರುತ್ತದಂತೆ. ಚೀಟಿಯ ಮೇಲೆ ಹೆಸರು: ಕ್ಯಾತಮ್ಮ ಕೋಂ ಪುಟ್ಟಬೊಮ್ಮ, ನೇರಲಕಟ್ಟೆ ಪೋಡು, ಬಿಳಿಗಿರಿರಂಗನ ಬೆಟ್ಟ.

"ಇವರು ಯಾರು?"

"ಒಬ್ರಿಗೆ ಒಂದೇ ಸೆಟ್ಟು ಅಂತ ರೂಲ್ಸು ಮೇಡಂ. ಅದಕ್ಕೆ ಅವ್ರಿವ್ರ ಆಧಾರ್ ಆಕಿ ಬುಕ್ ಮಾಡ್ತೀವಿ. ಎಲ್ರೂ ಮಾಡೋದೇ."

ಮಾಲಿನಿ ನಾಣ್ಯದ ವಿವರವನ್ನು ಅವನ ಬಾಯಿಂದಲೇ ಹೇಳಿಸಿ ಬರೆಸಿದರು. ಪುಟ್ಟಮಾದಯ್ಯ ತನ್ನ ದುಂಡಕ್ಷರದಲ್ಲಿ ಇಳಿಸಿದ: "ಐಟಂ ನಂ. 43. ಸ್ಮರಣಾರ್ಥ ನಾಣ್ಯ ಒಂದು. ಅಚ್ಚು ತಲೆಕೆಳಗಾಗಿರುತ್ತದೆ. ಮೂಲ ಹೊಳಪು ಹಾಗೆಯೇ ಇರುತ್ತದೆ. ತೊಳೆದ ಗುರುತು ಇರುವುದಿಲ್ಲ." ಬಸವಕುಮಾರ್ ಸಹಿ ಹಾಕಿದ. ಪಂಚರೂ ಹಾಕಿದರು. ನಾಣ್ಯ, ಡಬ್ಬಿ, ಚೀಟಿ ಜಪ್ತಿಯಾದವು.

ಮಧ್ಯಾಹ್ನ 3.25ಕ್ಕೆ ಹನೂರಿನಲ್ಲಿ ನಿಂಗರಾಜು ಊಟದ ತಟ್ಟೆಯ ಮುಂದೆ ಸಿಕ್ಕಿದ. ವಿಷಯ ಕೇಳಿ ಮುದ್ದೆ ಮುರಿಯುತ್ತಿದ್ದ ಕೈ ಹಾಗೇ ನಿಂತಿತು. ಹಗೆಯವನ ಮನೆ ಹಾಳಾಯಿತೆಂದು ಖುಷಿ ಪಡುವನೆಂದು ಪುಟ್ಟಮಾದಯ್ಯ ಕಾದಿದ್ದ. ನಿಂಗರಾಜು ಪಡಲಿಲ್ಲ.

"ನಲವತ್ತೆರಡೂವಾ? ಅಯ್ಯೋ ಮಾದಪ್ಪ! ಅವ್ನ ಕಂಡ್ರೆ ನಂಗಾಗಲ್ಲ ಸಾ, ನಿಜ. ಆದ್ರೆ ನಾಣ್ಯ ಏನ್ ಮಾಡಿತ್ತು? ಎತ್ತು ಮಾರೋನ ಮೇಲೆ ಸಿಟ್ಟಿದ್ರೆ ಎತ್ತಿನ ಕಣ್ಣು ಕೀಳ್ತಾರಾ?"

"ಭಾನುವಾರ ಎಲ್ಲಿದ್ದೆ?"

"ಮಧುವನಹಳ್ಳೀಲಿ, ಬಾಮೈದನ ಮನೆ ಬೀಗರೂಟ. ಮುನ್ನೂರು ಜನ ನೋಡವ್ರೆ."

"ಯಾರು ಮಾಡಿರಬಹುದು?"

ನಿಂಗರಾಜು ಕೈ ತೊಳೆದು ಬಂದು ಕೂತ. "ಎಲ್ಲಾ ತೊಳ್ದು ಬೆಲೆ ಬಾಳೋ ಒಂದನ್ನ ಬುಟ್ಟವ್ರೆ ಅಂದ್ರೆ, ಕಳ್ಳರ ಕೆಲಸ ಅಲ್ಲ ಸಾ ಇದು. ವೊಟ್ಟೆ ಉರ್ದೋರ ಕೆಲಸ. ಬಸವಕುಮಾರನ ಕಸುಬೇ ಅದು ಕಣಿ. ಅಳ್ಳಿಯೋರು ಒಳ್ಳೇ ನಾಣ್ಯ ತಂದ್ರೆ, 'ಅಯ್ಯೋ, ತೊಳ್ದ್ಬುಟ್ಟಿದ್ದೀರಲ್ಲ' ಅಂತಾನೆ. ಅವ್ರು ಎದುರ್ಕಂಡು ಸಿಕ್ಕಿದ್ದಕ್ಕೆ ಕೊಟ್ಟು ಓಯ್ತಾರೆ. ಆ ಒಂದ್ ಮಾತಲ್ಲೇ ಮಾಳಿಗೆ ಮನೆ ಕಟ್ಟವ್ನೆ."

ಬೀಗರೂಟದ ಮನೆಯಲ್ಲಿ ವಿಚಾರಿಸಿದಾಗ ಅವನು ಹೇಳಿದ್ದು ನಿಜವೆಂದಾಯಿತು.

ಮಂಗಳವಾರ ಬೆಳಿಗ್ಗೆ 10.45ಕ್ಕೆ ರೂಪಳ ವಿಚಾರಣೆ. ಇಪ್ಪತ್ಮೂರರ ಹುಡುಗಿ, ಯಳಂದೂರಿನಲ್ಲಿ ಪದವಿ ಮುಗಿಸಿದವಳು. ಮಹಿಳಾ ಕಾನ್‌ಸ್ಟೇಬಲ್ ಪುಷ್ಪ ಪಕ್ಕದಲ್ಲಿ ನಿಂತಿದ್ದಳು. ಪುಟ್ಟಮಾದಯ್ಯ ಬರೆದುಕೊಳ್ಳುತ್ತಿದ್ದ.

"ಊರು?"

"ಮಾಂಬಳ್ಳಿ ಮೇಡಂ. ಅಲ್ಲೇ ರೂಮ್ ಮಾಡ್ಕೊಂಡಿದ್ದೀನಿ."

"ಮನೆಯವರು?"

"ಅವ್ವ ಒಬ್ಳೇ. ಬೇಸಾಯ."

"ಭಾನುವಾರ ಎಲ್ಲಿದ್ದೆ?"

"ರೂಮಲ್ಲಿ."

"ನೋಡಿದವರು?"

"ಯಾರೂ ಇಲ್ಲ."

"ನಾಣ್ಯ ಮುಟ್ಟಿದೆಯಾ?"

"ನಾನು ಕದ್ದಿಲ್ಲ."

"ಕದ್ದೆ ಅಂತ ಯಾರೂ ಹೇಳಲಿಲ್ಲ."

"ಒಂದ್ ಕಾಸೂ ಮನೆಗೆ ತಕಂಡೋಗಿಲ್ಲ ಮೇಡಂ. ಬಾವ್ನಾಣೆ."

"ಭಾವ ಯಾರು? ಎಲ್ಲಿದ್ದಾನೆ?"

"ಬೆಟ್ಟದಲ್ಲವ್ನೆ ಮೇಡಂ."

"ಪುಟ್ಟಮಾದಯ್ಯ, ಭಾವನ ಹೆಸರು, ವಿಳಾಸ ಬರ್ಕೊಳ್ರಿ."

ಪುಟ್ಟಮಾದಯ್ಯನ ಪೆನ್ನು ನಿಂತುಹೋಯಿತು. ಅವನ ಹುಟ್ಟೂರು ಯಳಂದೂರಿನಿಂದ ಮೂರು ಮೈಲಿ, ಹೆಂಡತಿಯ ತವರು ಮಾಂಬಳ್ಳಿ. ಮಾಂಬಳ್ಳಿಯವರು ಆಣೆ ಇಟ್ಟರೆ ಮಾದಪ್ಪನಾಣೆ ಅಂತಾರೆ, ಇಲ್ಲ ರಂಗಸ್ವಾಮಿ ಆಣೆ ಅಂತಾರೆ. ಬೆಟ್ಟದ ಮೇಲಿರುವ ದೇವರನ್ನು ಹೀಗೆ ಅಕ್ಕನ ಗಂಡನಂತೆ ಕರೆಯುವವರು ಬೇರೆ. ಅವನು ತಲೆಯೆತ್ತಿ ನೋಡಿದ. ರೂಪಳೂ ಅವನನ್ನೇ ನೋಡುತ್ತಿದ್ದಳು. ಬಾಯಿ ಜಾರಿದ್ದು ಅವಳಿಗೂ ಗೊತ್ತಾಗಿತ್ತು.

"ಆಮೇಲೆ ಬರ್ಕತೀನಿ ಮೇಡಂ," ಎಂದ.

ಅವಳನ್ನು ಕಳಿಸಿದ ಮೇಲೆ ಮಧ್ಯಾಹ್ನದ ಊಟ ಅವನಿಗೆ ರುಚಿಸಲಿಲ್ಲ. ಆ ಮಾತು ಬಿದ್ದದ್ದು ತನ್ನೊಬ್ಬನ ಕಿವಿಗೆ. ನುಂಗಿಕೊಂಡರೆ ಕೇಳುವವರಿಲ್ಲ. ಬಸವಕುಮಾರನ ಎಂಟು ಲಕ್ಷಕ್ಕಾಗಿ ಅವನ ಹೊಟ್ಟೆಯೇನೂ ಉರಿಯುತ್ತಿರಲಿಲ್ಲ. ಆದರೆ ತಿನ್ನುವುದು ಸರ್ಕಾರದ ಅನ್ನ; ಅದೂ ಅಲ್ಲದೆ, ಆ ಹುಡುಗಿ ಯಾಕೆ ಹೀಗೆ ಮಾಡಿದಳೆಂದು ತಿಳಿಯದೆ ಅವನಿಗೆ ನಿದ್ದೆ ಹತ್ತುವಂತಿರಲಿಲ್ಲ. ಸಂಜೆ ಜೀಪಿನಲ್ಲಿ ಬಾಯಿಬಿಟ್ಟ.

"ಮೇಡಂ, ಆ ಉಡುಗಿಗೆ ಅಕ್ಕನೂ ಇಲ್ಲ, ಬಾವನೂ ಇಲ್ಲ."

"ಮತ್ತೆ?"

"ಬಿಳಿಗಿರಿ ರಂಗಪ್ಪನ್ನ ಬಾವ ಅನ್ನೋರು ಈ ಸೀಮೇಲಿ ಸೋಲಿಗ್ರು ಮಾತ್ರ. ಅವ್ರ ಮನೆ ಎಣ್ಣು ಕುಸುಮಾಲೆನ ರಂಗಪ್ಪ ಕಟ್ಕಂಡವ್ನೆ. ನಮಗೆ ಸ್ವಾಮಿ, ಅವ್ರಿಗೆ ಬಾವ. ಸಿಟ್ಟು ಬಂದ್ರೆ ಬಯ್ಯೋದೂ ಉಂಟು. ಮಾಂಬಳ್ಳಿ ಬೇಸಾಯದ ಮನೆ ಉಡುಗಿ ಬಾಯಲ್ಲಿ ಆ ಮಾತು ಬರಾಕಿಲ್ಲ."

ಮಾಲಿನಿ ಜಪ್ತಿ ಮಾಡಿದ್ದ ಚೀಟಿಯ ನಕಲು ತೆಗೆದು ಮತ್ತೊಮ್ಮೆ ಓದಿದರು. ನೇರಲಕಟ್ಟೆ ಪೋಡು, ಅಂದರೆ ಸೋಲಿಗರ ಹಾಡಿ. "ನಾಳೆ ಬೆಟ್ಟಕ್ಕೆ ಹೋಗೋಣ," ಎಂದಷ್ಟೇ ಹೇಳಿದರು.

ಬುಧವಾರ 11.30. ಕ್ಯಾತಮ್ಮ ಅಂಗಳದಲ್ಲಿ ನೆಲ್ಲಿಕಾಯಿ ಒಣಹಾಕುತ್ತಿದ್ದಳು. ಗೋಡೆಯ ಮೇಲೆ ಶಾಲು ಹೊದ್ದ ಗಂಡಸಿನ ಫೋಟೋ, ಪಕ್ಕದಲ್ಲಿ ಪದವಿಯ ಗೌನು ತೊಟ್ಟ ರೂಪ. ಪುಟ್ಟಮಾದಯ್ಯ ಮೊಬೈಲಿನಲ್ಲಿ ನಾಣ್ಯದ ಚಿತ್ರ ತೆಗೆದು ಮುಂದೆ ಹಿಡಿದ. ಮುದುಕಿ ತಟ್ಟನೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬರೀ ಚಿತ್ರ ಕಣವ್ವ. ಇದು ನಿಂಗೆ ಗೊತ್ತಾ?"

"ಗೊತ್ತು ಸಾ. ನಾ ಕೆಡಿಸಿದ್ದು."

ಮಾಲಿನಿ ಅಂಗಳದಲ್ಲೇ ಕೂತರು. ಕ್ಯಾತಮ್ಮ ಹೇಳಿದಳು, ಅಳು ಇಲ್ಲದೆ, ಯಾರದೋ ಕತೆ ಹೇಳುವಂತೆ.

2019ರ ಮಳೆಗಾಲಕ್ಕೆ ಮುಂಚೆ ಬಸವಕುಮಾರ್ ಪೋಡಿಗೆ ಬಂದು ಹದಿನಾರು ಜನರ ಆಧಾರ್ ಜೆರಾಕ್ಸ್ ತೆಗೆದುಕೊಂಡು ಹೋಗಿದ್ದ. ಡಬ್ಬಿ ಪೋಸ್ಟಿನಲ್ಲಿ ಬರುತ್ತದೆ, ಬಿಚ್ಚದೆ ಇಟ್ಟಿರಿ, ಬಂದು ಒಯ್ಯುತ್ತೇನೆ ಎಂದಿದ್ದ. ಎಲ್ಲರೂ ಹಾಗೇ ಇಟ್ಟರು.

"ನಾ ಬಿಚ್ಚುದ್ದಿ ಸಾ. ನನ್ನೆಸ್ರು ಬರ್ಕಂಡು ಬಂದ ಮೊದಲ್ನೇ ಡಬ್ಬಿ ಅದು. ನೋಡ್ಬೇಕು ಅನ್ನುಸ್ತು. ತಿರುಗುಸ್ದಿ, ಸಿಂಹ ತಲೆಕೆಳಗಿತ್ತು. ಅವಯ್ಯ ಬಂದಾಗ ನಾನೇ ಯೋಳ್ದಿ, ಇದ್ಯಾಕೆ ಇಂಗದೆ ಅಂತ. ಅವಯ್ಯ ಕನ್ನಡಕ ಆಕಂಡು ಭಾಳ ವೊತ್ತು ನೋಡುದ್ರು. ಆಮೇಲೆ ತಲೆ ಚಚ್ಕಂಡ್ರು. 'ಲಕ್ಷಗಟ್ಲೆ ಬಾಳ್ತಿತ್ತು, ನಿನ್ನೆಂಡ್ರು ಉಣಸೆಣ್ಣಲ್ಲಿ ತೊಳ್ದು ಮಣ್ಣು ಮಾಡವ್ಳೆ ಬೊಮ್ಮ' ಅಂದ್ರು. ಎಲ್ಲರ ಮುಂದೇನೂ ಅಂದ್ರು."

"ನೀನು ತೊಳೆದಿದ್ದೆಯಾ?"

"ಸೆರಗಲ್ಲಿ ಒಂಚೂರು ವರಸುದ್ನೇನೋ. ತೊಳ್ದ ನೆಪ್ಪಿಲ್ಲ ಸಾ. ಆದ್ರೆ ಎಲ್ರೂ ತೊಳ್ದೆ ತೊಳ್ದೆ ಅಂದ್ರು. ತೊಳ್ದಿರ್ಬೌದು."

ತಪ್ಪು ತನ್ನದೆಂದು ಆ ದಿನ ಅವಳು ಬಸವಕುಮಾರನಿಗೆ ಒಂದು ಬಾಟಲಿ ಜೇನು ಕೊಟ್ಟು ಕೈಮುಗಿದಿದ್ದಳು. ಅವನು ತೆಗೆದುಕೊಂಡು ಹೋಗಿದ್ದ. ಕರಗಿಸಲಿಕ್ಕಾದರೂ ಆಗುತ್ತದೆಂದು ನಾಣ್ಯವನ್ನೂ ಒಯ್ದಿದ್ದ. ಪೋಡಿನಲ್ಲಿ ಅವಳಿಗೆ ತೊಳೆದ ಕ್ಯಾತಮ್ಮ ಎಂದೇ ಹೆಸರಾಯಿತು. ಗಂಡ ಪುಟ್ಟಬೊಮ್ಮ ಒಂದೇಟು ಹೊಡೆಯಲಿಲ್ಲ, ಒಂದು ಮಾತು ಬಯ್ಯಲಿಲ್ಲ. 2021ರಲ್ಲಿ ಸಾಯುವವರೆಗೆ ಅವಳ ಕೈಯಿಂದ ನೀರು ಮಾತ್ರ ಇಸಿದುಕೊಳ್ಳಲಿಲ್ಲ. ಕೊನೆಯ ಗುಟುಕನ್ನೂ ರೂಪಳೇ ಬಿಟ್ಟಳಂತೆ.

ಪುಟ್ಟಮಾದಯ್ಯನಿಗೆ ಮೈ ಉರಿದುಹೋಯಿತು. ಠಾಣೆಯಲ್ಲಿ ಗೊಳೋ ಎಂದು ಅತ್ತಿದ್ದ ಬಸವಕುಮಾರ್ ಆ ಗಳಿಗೆಯಲ್ಲಿ ಎದುರಿಗಿದ್ದಿದ್ದರೆ ಇಪ್ಪತ್ತೆರಡು ವರ್ಷದ ಸರ್ವೀಸನ್ನು ಮರೆತು ಎರಡು ಬಿಟ್ಟಿರುತ್ತಿದ್ದ. ಆದರೂ ಮಗಳ ವಿಷಯ ಮುದುಕಿಗೆ ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ.

ಅದೇ ದಿನ ಸಂಜೆ, ಮಾಂಬಳ್ಳಿ ಠಾಣೆಗೆ ಮಾಹಿತಿ ಕೊಟ್ಟು, 5.40ಕ್ಕೆ ರೂಪಳ ರೂಮಿನ ಬಾಗಿಲು ತಟ್ಟಿದರು. ರೂಪ ತಲೆ ಬಾಚಿಕೊಂಡು, ಚೀಲ ಕಟ್ಟಿಕೊಂಡು ಕೂತಿದ್ದಳು. ಪುಷ್ಪ ಒಳಗೆ ಹೋದಳು.

"ಬಾವನ ವಿಳಾಸ ಸಿಕ್ತಾ ಸಾ?" ಎಂದು ರೂಪ ಪುಟ್ಟಮಾದಯ್ಯನನ್ನು ಕೇಳಿದಳು.

"ಸಿಕ್ತು ಕಣವ್ವ. ನಿಮ್ಮವ್ವನ್ನೂ ನೋಡ್ಕಂಡು ಬಂದೋ."

ಅವಳೇ ಮೂಲೆಯಿಂದ ಒಂದು ಪ್ಲಾಸ್ಟಿಕ್ ಬೋಗುಣಿ, ಕಪ್ಪಾದ ಬಟ್ಟೆ, ಬೀಗದ ಕೈ ತಂದಿಟ್ಟಳು. ದಸ್ತಗಿರಿ ಪತ್ರಕ್ಕೆ ಸಹಿ ಹಾಕಿದಳು. ಆಮೇಲೆ ಹೇಳಿಕೆ ಕೊಟ್ಟಳು.

ಎರಡು ವರ್ಷದ ಹಿಂದೆ ಫೋನಿನಲ್ಲಿ ಮಾರಾಟದ ಚಿತ್ರವೊಂದು ಕಂಡಿತ್ತು: ತಲೆಕೆಳಗಾದ ಸಿಂಹ, ಎಂದೂ ತೊಳೆಯದ್ದು, ಕೊಳ್ಳೇಗಾಲದ ಅಂಗಡಿ. ಕೇಳಿದ ಬೆಲೆ ಹುಟ್ಟದೆ ಬಸವಕುಮಾರ್ ಅದನ್ನು ಇಟ್ಟುಕೊಂಡೇ ಇದ್ದ. ಅವಳು ಹೋಗಿ ಕೆಲಸ ಕೇಳಿದಳು. ಊರು ಕೇಳಿದ್ದಕ್ಕೆ ಮಾಂಬಳ್ಳಿ ಎಂದಳು. ಊರೆಲ್ಲರ ಆಧಾರ್ ಕೇಳುವವನು ಅವಳದನ್ನು ಕೇಳಲಿಲ್ಲ. ಅವಳ ಸಂಬಳ ಸರ್ಕಾರದ ಲೆಕ್ಕಕ್ಕೆ ಬರುವುದು ಅವನಿಗೆ ಬೇಕಿರಲಿಲ್ಲ. ಒಂದು ದಿನ ಡಬ್ಬಿಯ ಫೋಟೋ ತೆಗೆಯುವಾಗ ಮಕಮಲ್ಲಿನ ಕೆಳಗೆ ಅವ್ವನ ಹೆಸರು ಸಿಕ್ಕಿತು.

"ಆ ನಾಣ್ಯಾನೇ ಕದ್ದು ತರಬಹುದಿತ್ತಲ್ಲ?" ಮಾಲಿನಿ ಕೇಳಿದರು.

"ಕದ್ದಿದ್ರೆ ನಾವು ಕಳ್ಳರಾಯ್ತಿದ್ದೋ ಮೇಡಂ. ದೂರು ಕೊಟ್ಟಿದ್ರೆ ಅವನು 'ತೊಳ್ದದ್ದೇ' ಅಂತ ಇನ್ನೊಂದ್ಸಲ ಯೋಳ್ತಿದ್ದ. ಉಳಿದದ್ನೆಲ್ಲ ತೊಳ್ದ್ರೆ ಅವ್ನೇ ನಿಮ್ಮತ್ರ ಓಡ್ಬತ್ತಾನೆ. ನೀವು ಬಂದ್ರೆ ಅಲ್ಮೇರದಲ್ಲಿರೋದ್ನೆಲ್ಲ ಬರೀತೀರಿ. ಅವನ ಬಾಯಲ್ಲೇ ಯೋಳುಸ್ತೀರಿ, ಅವನ ಕೈಲೇ ಸೈನ್ ಆಕುಸ್ತೀರಿ."

"ಅದಕ್ಕೆ ಒಂದೆರಡು ಸಾಕಿರಲಿಲ್ವಾ? ನಲವತ್ತೆರಡೂ ಬೇಕಿತ್ತಾ?"

"ಬೇಕಿತ್ತು." ಮೊದಲ ಸಲ ಅವಳ ಕಣ್ಣು ಕೆಂಪಾಯಿತು. "ಒಂದೊಂದು ತಿಕ್ಕುವಾಗ್ಲೂ ನಮ್ಮಪ್ಪನ್ಗೆ ನಾನು ಬುಟ್ಟ ನೀರು ನೆನಸ್ಕಂಡು ತಿಕ್ಕಿದೆ. ಕೈ ನೋಯ್ಲಿಲ್ಲ. ಅವನು ನಮ್ಮವ್ವನ ಕೈ ಕೆಡಿಸ್ದ, ನಾನು ಅವನ ಮಾಲು ಕೆಡಿಸ್ದೆ. ಇನ್ನೂ ಸಮ ಆಗಿಲ್ಲ."

"ಪಶ್ಚಾತ್ತಾಪ?"

"ಇಲ್ಲ. ಅಂಗೇ ಬರ್ಕೊಳ್ಳಿ ಸಾ."

ಪುಟ್ಟಮಾದಯ್ಯ ಹಾಗೇ ಬರೆದುಕೊಂಡ.

ರಾತ್ರಿಯಾಗುವ ಮೊದಲೇ ಕ್ಯಾತಮ್ಮನಿಗೆ ಪಕ್ಕದ ಮನೆಯ ಜಡೇಸ್ವಾಮಿಯ ಫೋನಿಗೆ ಕರೆ ಮಾಡಿ ಬಂಧನದ ಮಾಹಿತಿ ಮುಟ್ಟಿಸಿದರು. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಬಸವಕುಮಾರ್ ಠಾಣೆಗೆ ಬಂದ. ಅವನ ಮುಖದಲ್ಲಿ ಸಿಟ್ಟು, ಕೈಯಲ್ಲಿ ವಕೀಲರ ನಂಬರು. ಮಾಲಿನಿ ಚೀಟಿಯ ನಕಲು ಮುಂದಿಟ್ಟರು.

"ಈ ನಾಣ್ಯ ತೊಳೆದದ್ದು ಅಂತ 2019ರಲ್ಲಿ ಹೇಳಿದ್ದು ನೀವೇನಾ?"

"ಆಗ ನಂಗೆ... ತೊಳ್ದಂಗೆ ಕಾಣ್ತು ಮೇಡಂ."

ಅವರು ಪಂಚನಾಮೆ ತಿರುಗಿಸಿ ಹಿಡಿದರು. "ಈ ಸಹಿ ನಿಮ್ಮದೇ?"

ಬಸವಕುಮಾರ್ ಓದಿದ. ತೊಳೆದದ್ದೇ ಎಂದರೆ ಮಾರಲು ಇಟ್ಟದ್ದು ಮೋಸ. ತೊಳೆಯದ್ದು ಎಂದರೆ ಕೊಂಡದ್ದು ಮೋಸ. ವಕೀಲರ ನಂಬರನ್ನು ಮಡಿಚಿ ಜೇಬಿಗೆ ಸೇರಿಸಿದ. ಕ್ಯಾತಮ್ಮನ ದೂರಿನ ಮೇಲೆ ಎರಡನೇ ಎಫ್‌ಐಆರ್, 33/2025, ದಾಖಲಾಯಿತು. ಕೃತ್ಯ ನಡೆದದ್ದು 2019ರಲ್ಲಾದ್ದರಿಂದ ಹಳೆಯ ಐಪಿಸಿಯ 420. ಸೋಮವಾರ ಕುರ್ಚಿ ಎಳೆದುಕೊಂಡು ದೂರು ಕೊಟ್ಟಿದ್ದವನು ಈಗ ಬೆಂಚಿನ ಮೇಲೆ ಆರೋಪಿಯಾಗಿ ಕೂತ. ಒಳಗಿನ ಕೋಣೆಯಿಂದ ರೂಪ ಅದನ್ನು ರೆಪ್ಪೆ ಮಿಟುಕಿಸದೆ ನೋಡಿದಳು.

ಮಗಳ ಜಾಮೀನಿಗೆಂದು ಮೊದಲ ಬಸ್ಸಿಗೇ ಇಳಿದು ಬಂದಿದ್ದ ಕ್ಯಾತಮ್ಮ ಪುಟ್ಟಮಾದಯ್ಯನ ಮೇಜಿನ ಎದುರು ನಿಂತಿದ್ದಳು. ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆ ಅವನು ಫೈಲು ಮುಚ್ಚಲಿಲ್ಲ.

"ಕೂತ್ಕೊ ಅವ್ವ. ಇದ್ನ ಒಸಿ ಕೇಳು." ಬೆರಳಿಟ್ಟು ನಿಧಾನವಾಗಿ ಓದಿದ. "ಐಟಂ ನಂಬರ್ ನಲವತ್ಮೂರು. ಮೂಲ ಹೊಳಪು ಹಾಗೆಯೇ ಇರುತ್ತದೆ. ತೊಳೆದ ಗುರುತು ಇರುವುದಿಲ್ಲ."

"ಅಂಗಂದ್ರೆ?"

"ನೀ ತೊಳ್ದೇ ಇಲ್ಲ ಕಣವ್ವ. ಅವತ್ತೂ ತೊಳ್ದಿರ್ಲಿಲ್ಲ."

ಕ್ಯಾತಮ್ಮ ಸೆರಗಿನೊಳಗಿಂದ ಕೈಗಳನ್ನು ಹೊರಗೆ ತೆಗೆದಳು. ಹೆಬ್ಬೆಟ್ಟಿನ ಮಸಿ ಒಣಗಿರಲಿಲ್ಲ. ಅಂಗೈ ಎರಡನ್ನೂ ಮೇಜಿನ ಮೇಲೆ ಇಟ್ಟು, ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಬೊಮ್ಮಯ್ಯ ವೋಗ್ಬುಟ್ನಲ್ಲ ಸಾ," ಎಂದಳು. ಆಮೇಲೆ, "ಇನ್ನೊಂದ್ಸಲ ಓದಿ," ಎಂದಳು.

ಪುಟ್ಟಮಾದಯ್ಯ ಇನ್ನೊಂದು ಸಲ ಓದಿದ, ಒಳಗಿದ್ದ ಮಗಳಿಗೂ ಬೆಂಚಿನ ಮೇಲಿದ್ದವನಿಗೂ ಕೇಳುವಷ್ಟು ಗಟ್ಟಿಯಾಗಿ.